ಅತ್ತಿಬೆಲೆಯ ತನಕ

ಚಕ್ರಪಾಣಿ ಹೆಂಡತಿ ಮಕ್ಕಳನ್ನು ಕರೆದುಕೊಂಡು ಸೈಕಲ್ಲಿನ ಮೇಲೆ ಸಿಲೋನಿಗೆ ಹೊರಟಿದ್ದಾನೆ ಎಂಬ ಸುದ್ದಿ ಪಂಕಜಾಗೆ ಮೊದಲು ತಿಳಿದದ್ದು ಹಾಲಿನ ಸಿದ್ದಗಂಗಮ್ಮನ ಬಾಯಿಂದ. ಜಯನಗರದ ಆ ಮನೆಯನ್ನು ಮಾವನವರು ಇಬ್ಬರು ಗಂಡುಮಕ್ಕಳಿಗೆಂದು ಕಟ್ಟಿಸಿದ್ದರು. ಒಂದೇ ಕಾಂಪೌಂಡು, ಒಂದೇ ಬಾವಿ, ನಡುವೆ ಒಂದೇ ಗೋಡೆ. ಈ ಕಡೆ ಹಿರಿಯವನಾದ ಬದರಿನಾಥ, ಅವನ ಹೆಂಡತಿ ಪಂಕಜಾ, ಮತ್ತೆ ಅತ್ತೆ. ಆ ಕಡೆ ಕಿರಿಯವನಾದ ಚಕ್ರಪಾಣಿ, ಅವನ ಹೆಂಡತಿ ವಿಮಲಾ, ಹದಿಮೂರರ ಪದ್ಮಿನಿ, ಒಂಬತ್ತರ ಸೇತುರಾಮ. ಗೋಡೆ ದಾಟಿ ಬರಬೇಕಾದ ಸುದ್ದಿ ಬೈರಸಂದ್ರದವರೆಗೂ ಹೋಗಿ ಹಾಲಿನ ಕ್ಯಾನಿನ ಜೊತೆ ವಾಪಸು ಬಂದಿತ್ತು.

“ಚಿಕ್ಕಮ್ಮಾವ್ರೂ ತುಳೀತಾರಂತೆ ಕಣ್ರಮ್ಮ,” ಎಂದಳು ಸಿದ್ದಗಂಗಮ್ಮ ಹಾಲು ಅಳೆಯುತ್ತ. “ಸಮುದ್ರದ ತನಕ ಸೈಕಲ್ಲು, ಆಮೇಲೆ ಹಡಗಂತೆ.”

ಸಿಲೋನು, ಸಮುದ್ರ, ಹಡಗು ಯಾವುದೂ ಪಂಕಜಾಗೆ ನಾಟಲಿಲ್ಲ. ‘ತುಳೀತಾರಂತೆ’ ಎಂಬ ಒಂದು ಮಾತು ಮಾತ್ರ ಎದೆಯಲ್ಲಿ ಮುಳ್ಳು ಮುರಿದ ಹಾಗೆ ಕುಳಿತುಬಿಟ್ಟಿತು. ಯಾಕೆಂದರೆ ಆ ಎರಡು ಮನೆಯ ಹೆಂಗಸರಲ್ಲಿ ಸೈಕಲ್ ತುಳಿಯಲು ಬರುತ್ತಿದ್ದವಳು ಒಬ್ಬಳೇ, ಅವಳು ವಿಮಲಾ ಅಲ್ಲ.

ಮೈಸೂರಿನ ಲಕ್ಷ್ಮೀಪುರದಲ್ಲಿ ಪಂಕಜಾಳ ತಂದೆ ವಕೀಲರು. ಗಂಡುಮಕ್ಕಳಿಲ್ಲದ ಅವರು ಮಗಳಿಗೆ ಹನ್ನೆರಡನೆಯ ವಯಸ್ಸಿಗೇ ಸೈಕಲ್ ಕಲಿಸಿದ್ದರು. ಮಹಾರಾಣಿ ಕಾಲೇಜಿಗೆ ಅವಳು ಹೋಗುತ್ತಿದ್ದದ್ದು ಸೈಕಲ್ಲಿನಲ್ಲೇ. ಭಾನುವಾರಗಳಲ್ಲಿ ಅಪ್ಪ ಮಗಳು ಶ್ರೀರಂಗಪಟ್ಟಣದವರೆಗೂ ಹೋಗಿ, ಹೊಳೆಯಲ್ಲಿ ಕಾಲು ನೆನೆಸಿ, ಬುತ್ತಿ ತಿಂದು ಬರುತ್ತಿದ್ದರು. ಬದರಿನಾಥನ ಕಡೆಯವರು ಹೆಣ್ಣು ನೋಡಲು ಬಂದಾಗ ತಂದೆ ಇದನ್ನೇ ಹೆಮ್ಮೆಯಿಂದ ಹೇಳಿಕೊಂಡರು. ಅತ್ತೆಯಾಗಲಿದ್ದಾಕೆ ಕೋಸಂಬರಿಯ ತಟ್ಟೆ ಕೆಳಗಿಟ್ಟು, ನಮ್ಮನೇಲಿ ಅದೆಲ್ಲ ನಡೆಯೋದಿಲ್ಲ ಎಂದರು. ಮದುವೆಯಾದ ಮೇಲೆ ತಂದೆ ಆ ಸೈಕಲ್ಲನ್ನು ಯಾರಿಗೋ ಕೊಟ್ಟುಬಿಟ್ಟರು. ಅದಾಗಿ ಹದಿನೇಳು ವರ್ಷ ಕಳೆದಿತ್ತು. ಮಗ ದೊಡ್ಡವನಾಗಿ ಓದಲು ಅದೇ ಮೈಸೂರಿನ ಅಜ್ಜಿಯ ಮನೆ ಸೇರಿದ್ದ. ಪಂಕಜಾ ಆ ಮಾತನ್ನು ಮತ್ತೆ ಎತ್ತಿರಲಿಲ್ಲ. ಈ ಮನೆಯಲ್ಲಿ ಅದು ಯಾರಿಗಾದರೂ ನೆನಪಿದೆಯೆಂದೂ ಅವಳಿಗೆ ಅನಿಸಿರಲಿಲ್ಲ.

ಆ ಸಂಜೆ ಚಕ್ರಪಾಣಿ ನಕ್ಷೆ ಸುತ್ತಿಕೊಂಡು, ವಿಮಲಾಳನ್ನೂ ಕರೆದುಕೊಂಡು ಈ ಕಡೆಯ ಮನೆಗೆ ಬಂದ. ಹೈಸ್ಕೂಲಿನಲ್ಲಿ ಭೂಗೋಳ ಹೇಳಿಕೊಡುವ ಅವನಿಗೆ ಕಂಡ ನಕ್ಷೆಯ ಮೇಲೆಲ್ಲ ಬೆರಳಾಡಿಸುವ ಚಟ. ಹೊಸೂರು, ಸೇಲಂ, ಮಧುರೆ, ಧನುಷ್ಕೋಟಿ, ಅಲ್ಲಿಂದ ಸ್ಟೀಮರಿನಲ್ಲಿ ತಲೈಮನ್ನಾರ್, ಆಮೇಲೆ ಅನುರಾಧಪುರ, ಕ್ಯಾಂಡಿ, ಕೊಲಂಬೊ. ಬೇಸಿಗೆ ರಜದಲ್ಲಿ ಹೋಗಿ, ಬರುವಾಗ ಸೈಕಲ್ಲುಗಳನ್ನು ರೈಲಿಗೆ ಹಾಕಿ ಬಂದುಬಿಡುವುದು. ಬಿಸಿಲು, ಕಳ್ಳಕಾಕರು, ಪಾಸ್‌ಪೋರ್ಟು ಎಂದು ಬದರಿನಾಥ ಒಂದೊಂದಾಗಿ ಎತ್ತಿದ್ದಕ್ಕೆಲ್ಲ ಅವನಲ್ಲಿ ಉತ್ತರವಿತ್ತು. ಅತ್ತೆ ಮಾತ್ರ ಹೂಬತ್ತಿ ಹೊಸೆಯುತ್ತ ಕುಳಿತಿದ್ದರು. ಚಕ್ರಪಾಣಿ ಅವರ ಪಕ್ಕ ಕುಳಿತು ತನ್ನ ಕೊನೆಯ ಬಾಣ ಬಿಟ್ಟ.

“ರಾಮೇಶ್ವರ ದಾರೀಲೇ ಸಿಗುತ್ತಮ್ಮ. ನಿನ್ನ ಗಂಗೆ ತಂಬಿಗೆ ತಗೊಂಡ್ಹೋಗಿ ಅಭಿಷೇಕ ಮಾಡಿಸಿ ಬರ್ತೀನಿ. ನಿನ್ನ ಕಾಶೀಯಾತ್ರೆ ಪೂರ್ತಿ ಆಗಲಿ.”

ಮಾವನವರ ಜೊತೆ ಕಾಶಿಗೆ ಹೋಗಿ ಬಂದಾಗಿನಿಂದ ಬಾಯಿಗೆ ಬೆಸುಗೆ ಹಾಕಿದ ಆ ತಾಮ್ರದ ತಂಬಿಗೆ ದೇವರ ಗೂಡಿನಲ್ಲೇ ಕುಳಿತಿತ್ತು. ಅತ್ತೆ ಬತ್ತಿ ಕೆಳಗಿಟ್ಟರು. ವಿಮಲಾನೂ ತುಳೀತಾಳಾ ಎಂದು ಕೇಳಿದರು. ಕಲಿಸ್ತೀನಿ ಎಂದ ಮಗ. ಅವರು ಕಿರಿಸೊಸೆಯನ್ನು ಒಮ್ಮೆ ಮೇಲಿನಿಂದ ಕೆಳಗೆ ನೋಡಿ, “ಜೋಪಾನ. ಸೆರಗು ಚಕ್ರಕ್ಕೆ ಸಿಕ್ಕೀತು,” ಎಂದರು. ಅಷ್ಟೇ.

ಕಾಫಿಯ ಲೋಟಗಳನ್ನು ಹಿಡಿದು ಬಾಗಿಲಲ್ಲಿ ನಿಂತಿದ್ದ ಪಂಕಜಾ ಅತ್ತೆಯ ಮುಖವನ್ನೇ ನೋಡುತ್ತಿದ್ದಳು. ಹಳೆಯದು ನೆನಪಾದ ಒಂದು ಗೆರೆಯೂ ಅಲ್ಲಿ ಮೂಡಲಿಲ್ಲ. ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ ಎಂದು ಮನಸ್ಸಿನಲ್ಲೇ ಅಂದುಕೊಂಡು ಲೋಟಗಳನ್ನು ಎಲ್ಲರ ಮುಂದಿಟ್ಟು ಒಳಗೆ ಹೋದಳು.

ಅಂದಿನಿಂದ ಗೋಡೆಯಾಚೆ ತಯಾರಿ ಶುರುವಾಯಿತು. ಈ ಕಡೆ ಪಂಕಜಾ ಅದನ್ನು ಕಿವಿಯಿಂದ, ಮೂಗಿನಿಂದ ಅನುಭವಿಸಿದಳು. ಖಾಕಿ ಕ್ಯಾನ್ವಾಸಿನ ಚೀಲ ಹೊಲಿಯುವ ಮಿಶನ್ನಿನ ಟಕಟಕ ಸದ್ದು. ಹುರಿಹಿಟ್ಟಿಗೆ ಕಾಳು ಹುರಿಯುವ ಘಮ. ಪಂಕ್ಚರ್ ಹಾಕುವುದನ್ನು ಕಲಿಯುತ್ತಿದ್ದ ಸೇತುರಾಮ ಬಕೆಟ್ಟಿನ ನೀರಿನಲ್ಲಿ ಟ್ಯೂಬು ಅದ್ದಿ, ಗುಳ್ಳೆ ಕಂಡಾಗಲೆಲ್ಲ ಎರಡು ಮನೆಗೂ ಕೇಳುವಂತೆ ಕೂಗುತ್ತಿದ್ದ. ಭಾನುವಾರ ಫೋಟೋ ಸ್ಟುಡಿಯೋ, ಸೋಮವಾರ ಕಾಲರಾ ಚುಚ್ಚುಮದ್ದು. ಚುಚ್ಚಿಸಿಕೊಂಡು ತೋಳು ಊದಿಸಿಕೊಂಡ ವಿಮಲಾ, ತುಂಬ ನೋಯುತ್ತೆ ಅಕ್ಕ ಎಂದಾಗ, ಆ ನೋವೂ ಅವಳಿಗೆ ಸಿಕ್ಕ ಒಂದು ಒಡವೆಯ ಹಾಗೆ ಪಂಕಜಾಗೆ ಕಂಡಿತು.

ಚಟ್ನಿಪುಡಿಯ ಕೆಲಸ ಪಂಕಜಾಗೇ ಬಂತು. ಅವಳ ಕೈಯ ಪುಡಿ ತಿಂಗಳಾದರೂ ಕೆಡುವುದಿಲ್ಲ ಎಂದು ಮೈದುನ ಹೊಗಳಿ ಒಪ್ಪಿಸಿದ್ದ. ಒಲೆಯ ಮುಂದೆ ಬೆವೆತು ಹುರಿದಳು, ಕುಟ್ಟಿದಳು. ಕೊನೆಯಲ್ಲಿ ಉಪ್ಪು ಒಂದು ಹಿಡಿ ಹೆಚ್ಚು ಬಿತ್ತು. ಬಿತ್ತೋ, ಹಾಕಿದಳೋ, ಅವಳಿಗೇ ಗೊತ್ತಾಗಲಿಲ್ಲ. ಪಕ್ಕದ ರಸ್ತೆಯ ನೀಲಗಂಗಮ್ಮ ಅರಿಶಿನ ಕುಂಕುಮಕ್ಕೆ ಬಂದವರು, ನಿಮ್ಮ ಓರಗಿತ್ತಿಗೆ ಎಂಥ ಧೈರ್ಯ ಎಂದಾಗ, ಗಂಡ ಕುಣಿಸಿದ ಹಾಗೆ ಕುಣಿಯೋಕೆ ಧೈರ್ಯ ಯಾಕೆ ಬೇಕು ಎಂದುಬಿಟ್ಟಳು. ಅಂದದ್ದಕ್ಕೆ ನಾಚಿಕೆಯಾಯಿತು. ನಾಚಿಕೆಗಿಂತ ಹೆಚ್ಚಾಗಿ ಹಿತವಾಯಿತು.

ಅವಳಿಗಿದ್ದ ಇನ್ನೊಂದು ಹಿತವೆಂದರೆ ವಿಮಲಾ ಕಲಿಯುತ್ತಿರಲಿಲ್ಲ ಎಂಬುದು. ದಿನಾ ಬೆಳಿಗ್ಗೆ ಚಕ್ರಪಾಣಿ ಮನೆಯ ಮುಂದಿನ ರಸ್ತೆಯಲ್ಲಿ ಅವಳನ್ನು ಲೇಡೀಸ್ ಸೈಕಲ್ಲಿನ ಮೇಲೆ ಕೂರಿಸಿ, ಸೀಟು ಹಿಡಿದು ಹಿಂದೆ ಓಡುತ್ತಿದ್ದ. ಆಗ ಅಲ್ಲಿ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ಬೀಳುವುದಕ್ಕೆ ಬೇಕಾದಷ್ಟು ಜಾಗ. ವಿಮಲಾ ಮುಂದಿನ ಚಕ್ರವನ್ನೇ ನೋಡುತ್ತಿದ್ದಳು, ಚಕ್ರ ವಾಲಿದ ಕಡೆ ತಾನೂ ವಾಲುತ್ತಿದ್ದಳು, ಆಮೇಲೆ ಲಂಟಾನದ ಪೊದೆಯೊಳಗಿಂದ ಅವಳ ಅಳು ಕೇಳುತ್ತಿತ್ತು. ಪಂಕಜಾ ರಂಗೋಲಿ ಬಿಡಿಸುತ್ತ ಎಲ್ಲವನ್ನೂ ನೋಡುತ್ತಿದ್ದಳು. ಕಣ್ಣು ದೂರ ಇಡು ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಹೇಳಲಿಲ್ಲ. ಆ ದಿನಗಳಲ್ಲಿ ಅವಳ ರಂಗೋಲಿ ಎಂದಿಗಿಂತ ದೊಡ್ಡದಾಗುತ್ತಿತ್ತು.

ಹೀಗಿರುವಾಗ ಒಂದು ಮಧ್ಯಾಹ್ನ, ಅತ್ತೆ ಮಲಗಿದ್ದಾಗ, ವಿಮಲಾ ಬಾವಿಯ ಕಟ್ಟೆಗೆ ಬಂದು ಕುಳಿತಳು. ಮೊಣಕೈ ತರಚಿತ್ತು. ಪಂಕಜಾ ಬಟ್ಟೆ ಹಿಂಡುತ್ತಿದ್ದಳು.

“ಅಕ್ಕ, ನಂಗೊಂದು ಉಪಕಾರ ಮಾಡಿ. ಅತ್ತೆಗೆ ಹೇಳಿ, ನನ್ನ ಕಳಿಸಬೇಡಿ ಅಂತ. ಹೆಂಗಸರಿಗೆ ಇದೆಲ್ಲ ಆಗಲ್ಲ ಅಂತ ನೀವು ಹೇಳಿದ್ರೆ ಕೇಳ್ತಾರೆ. ನಾನೇ ಹೇಳಿದ್ರೆ ಇವರಿಗೆ ಬೇಜಾರಾಗುತ್ತೆ.”

ಪಂಕಜಾಳ ಕೈ ನಿಂತಿತು. ತಿಂಗಳಿಂದ ತಾನು ಒಳಗೊಳಗೇ ಬೇಡಿಕೊಂಡದ್ದನ್ನು ಅವಳೇ ಬಂದು ತಟ್ಟೆಯಲ್ಲಿಟ್ಟು ಕೊಡುತ್ತಿದ್ದಾಳೆ. ಪಾಪವೂ ಬರುವುದಿಲ್ಲ, ಒಂದು ಮಾತಾಡಿದರೆ ಮುಗಿಯಿತು. ಸಂತೋಷವಾಗಬೇಕಿತ್ತು. ಆದರೆ ಆದದ್ದು ಕಡುಕೋಪ. ತನ್ನನ್ನು ಕೇಳದೆ ತಪ್ಪಿಸಿದ್ದನ್ನು ಇವಳಿಗೆ ಕೇಳದೆಯೇ ಕೊಟ್ಟಿದ್ದಾರೆ, ಇವಳು ಅದನ್ನು ಎಂಜಲೆಲೆಯ ಹಾಗೆ ಆಚೆ ಎಸೆಯಲು ಹೊರಟಿದ್ದಾಳೆ.

ಹಿಂಡುತ್ತಿದ್ದ ಪಂಚೆಯನ್ನು ಬಕೆಟ್ಟಿಗೆ ಎಸೆದು, ಒದ್ದೆ ಕೈಯನ್ನು ಸೆರಗಿಗೆ ಒರೆಸಿ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. ಗೋಡೆಗೆ ಒರಗಿದ್ದ ಲೇಡೀಸ್ ಸೈಕಲ್ಲನ್ನು ತಳ್ಳಿಕೊಂಡು ಹಿಂದಿನ ಗೇಟಿನಿಂದ ಹೊರಟಳು. ವಿಮಲಾ ಏನೂ ತಿಳಿಯದೆ ಹಿಂಬಾಲಿಸಿದಳು. ಕೆರೆಯ ಕಡೆ ಇಳಿಯುವ ಮಣ್ಣುದಾರಿಯಲ್ಲಿ ಪಂಕಜಾ ಹತ್ತಿ ಕುಳಿತಳು. ಮೊದಲ ಎರಡು ಮಾರು ಹ್ಯಾಂಡಲ್ಲು ಅಲುಗಿತು. ಆಮೇಲೆ ಕಾಲಿಗೆ ತಾನಾಗಿಯೇ ನೆನಪು ಬಂತು. ಇಳಿಜಾರು, ಎದುರು ಗಾಳಿ, ಬಿಚ್ಚಿಹೋದ ತುರುಬು. ಕೆರೆಯ ಏರಿಯವರೆಗೂ ಹೋಗಿ, ಒಂದೇ ಕೈಯಲ್ಲಿ ಹ್ಯಾಂಡಲ್ ಹಿಡಿದು ಇನ್ನೊಂದು ಕೈಯಲ್ಲಿ ಕೂದಲು ಸರಿಮಾಡಿಕೊಳ್ಳುತ್ತ ಏರು ತುಳಿದು ಬಂದು, ಬಾಯಿ ತೆರೆದು ನಿಂತಿದ್ದ ವಿಮಲಾಳ ಮುಂದೆ ಇಳಿದಳು.

“ಅಕ್ಕ, ನಿಮಗೆ…”

“ಬಾಯಿ ಮುಚ್ಚಿಕೊಂಡು ಹತ್ತು,” ಎಂದಳು ಪಂಕಜಾ. “ಚಕ್ರ ನೋಡಬೇಡ. ಅಲ್ಲಿ ಕಾಣಿಸುತ್ತಲ್ಲ ಬೇವಿನಮರ, ಅದನ್ನ ನೋಡು. ಇದನ್ನ ಯಾರ ಹತ್ರನೂ ಆಡಕೂಡದು. ನಿನ್ನ ಗಂಡನ ಹತ್ರನೂ.”

ಹೇಳಕೂಡದು ಎಂದದ್ದು ಯಾಕೆಂದು ಅವಳೇ ಆಮೇಲೆ ಯೋಚಿಸಿದಳು. ಅತ್ತೆಗೆ ತಿಳಿದರೆ ಬೈಯುತ್ತಾರೆ ಎಂಬ ಭಯವಲ್ಲ. ತಿಳಿದೂ ಬೈಯದಿದ್ದರೆ? ಹಾಗಾದರೆ ಈ ಹದಿನೇಳು ವರ್ಷ ಏತಕ್ಕೆ ಹೋಯಿತು?

ಅಂದಿನಿಂದ ದಿನಾ ಮಧ್ಯಾಹ್ನ, ಗಂಡಸರು ಮನೆಯಲ್ಲಿಲ್ಲದ ಹೊತ್ತಿನಲ್ಲಿ, ಪಾಠ ನಡೆಯಿತು. ಪಂಕಜಾ ಒಳ್ಳೆಯ ಗುರು, ಕನಿಕರವಿಲ್ಲದ ಗುರು. ಬಿದ್ದರೆ ಎತ್ತಲಿಲ್ಲ. ಆರು ಗಜದ ಸೀರೆ ಬಿಡಿಸಿ, ಅತ್ತೆಯ ಹಳೆಯ ಒಂಬತ್ತು ಗಜದ್ದನ್ನು ಕಚ್ಚೆ ಹಾಕಿ ಉಡಿಸಿದಳು. ಪೆಡಲಿನಿಂದ ಕಾಲು ತೆಗೆಸಿ ಇಳಿಜಾರಿನಲ್ಲಿ ಬಿಟ್ಟಳು, ಮರಳಿನಲ್ಲಿ ತುಳಿಸಿದಳು, ಕ್ಯಾರಿಯರಿಗೆ ಅಕ್ಕಿಮೂಟೆ ಕಟ್ಟಿ ಬನಶಂಕರಿ ಗುಡಿಯವರೆಗೆ ಅಟ್ಟಿದಳು. ಅವಳ ಜೊತೆ ಹೋಗಲು ಏಕಾಂತಯ್ಯನ ಅಂಗಡಿಯಿಂದ ತಾನೊಂದು ಬಾಡಿಗೆ ಸೈಕಲ್ ತರುತ್ತಿದ್ದಳು. ವಿಮಲಾ ಕಲಿತಳು. ಕಲಿತಷ್ಟೂ ಪಂಕಜಾಗೆ ಉರಿ ಹೆಚ್ಚಿತು. ಕಲಿಸದಿದ್ದರೂ ಸಂಕಟ, ಕಲಿಸಿದರೂ ಸಂಕಟ; ಬಿಸಿತುಪ್ಪ ನುಂಗಿದವಳ ಹಾಗೆ ಒದ್ದಾಡಿದಳು. ಕೆಲವು ದಿನ ಅವಳು ವಿಮಲಾಳನ್ನು ಮುಂದೆ ಬಿಟ್ಟು, ಹಿಂದಿನಿಂದ ಆ ಬೆನ್ನನ್ನೇ ನೋಡುತ್ತ, ಈ ಬೆನ್ನು ಹಡಗು ಹತ್ತುತ್ತದೆ, ನಾನು ಹುಳಿಗೆ ಬೇಳೆ ಹಾಕುತ್ತೇನೆ ಎಂದುಕೊಳ್ಳುತ್ತ ತುಳಿಯುತ್ತಿದ್ದಳು.

ಹೊರಡುವುದಕ್ಕೆ ವಾರವಿರುವಾಗ ಪತ್ರಿಕೆಯವರು ಬಂದರು. ಮೂರು ಸೈಕಲ್ಲುಗಳನ್ನು ಸಾಲಾಗಿ ನಿಲ್ಲಿಸಿ, ಅಪ್ಪ, ಅಮ್ಮ, ಮಗಳು ಒಂದೊಂದು ಹಿಡಿದು, ಅಪ್ಪನ ಕ್ಯಾರಿಯರಿನ ಮೇಲೆ ಸೇತುರಾಮ ಕುಳಿತು ಫೋಟೋ ಆಯಿತು. ಕನ್ನಡಿ ಹಿಡಿದು ವಿಮಲಾಳ ಕುಂಕುಮ ಸರಿಮಾಡಿಸಿದವಳು ಪಂಕಜಾ. ಫೋಟೋ ತೆಗೆಯುವವನು, ನೀವು ಸ್ವಲ್ಪ ಆಚೆ ನಿಲ್ಲಿ ಮೇಡಂ, ನೆರಳು ಬೀಳುತ್ತೆ ಎಂದ. ಮಾರನೆಯ ದಿನ ಪತ್ರಿಕೆಯಲ್ಲಿ, ಪತಿಯ ತರಬೇತಿಯಲ್ಲಿ ಅಲ್ಪಕಾಲದಲ್ಲೇ ಸೈಕಲ್ ಸವಾರಿ ಕರಗತ ಮಾಡಿಕೊಂಡ ಶ್ರೀಮತಿ ವಿಮಲಾ ಎಂದು ಬಂತು. ಬದರಿನಾಥ ಅದನ್ನು ಗಟ್ಟಿಯಾಗಿ ಓದಿ ಹೇಳಿದ. ವಿಮಲಾ ಗೋಡೆಯಾಚೆಯಿಂದ ಅಳುಮುಖ ಹೊತ್ತು ಬಂದು, ನಾನು ನಿಜ ಹೇಳಿಬಿಡ್ತೀನಿ ಅಕ್ಕ ಎಂದಳು. ಬೇಡ ಎಂದಳು ಪಂಕಜಾ.

ಆದರೆ ಆ ದಿನ ಅವಳ ಕೈಯಲ್ಲಿ ತಡೆದುಕೊಳ್ಳಲಾಗಲಿಲ್ಲ. ಊಟವಾದ ಮೇಲೆ ಅತ್ತೆ ಎಲೆಅಡಿಕೆ ಹಾಕಿಕೊಳ್ಳುತ್ತಿದ್ದಾಗ ಎದುರು ಹೋಗಿ ಕುಳಿತಳು.

“ನಂಗೆ ಯಾಕೆ ಬೇಡ ಅಂದ್ರಿ?”

ಏನು ಎಂದು ಅತ್ತೆ ಕೇಳಲಿಲ್ಲ. ಎಲೆಗೆ ಸುಣ್ಣ ಸವರುತ್ತಿದ್ದ ಬೆರಳು ನಿಂತಿತು. ಅವರಿಗೆ ಎಲ್ಲ ನೆನಪಿತ್ತು. ಮಧ್ಯಾಹ್ನಗಳ ವಿಷಯವೂ ಗೊತ್ತಿತ್ತು. ತಮ್ಮ ಒಂಬತ್ತು ಗಜದ ಸೀರೆ ಕೆರೆಯ ಮಣ್ಣು ಮೆತ್ತಿಕೊಂಡು ಒಗೆಯಲು ಬಿದ್ದದ್ದನ್ನು ನೋಡಿಯೂ ಅವರು ಸುಮ್ಮನಿದ್ದರು.

“ಆಗ ನಿಮ್ಮ ಮಾವ ಇದ್ರು. ಅವರು ಬೇಡ ಅನ್ನೋದನ್ನೆಲ್ಲ ನಾನು ಮೊದಲೇ ಬೇಡ ಅಂದುಬಿಡ್ತಿದ್ದೆ, ನಂಗೆ ಅದೇ ಅಭ್ಯಾಸ. ಆಮೇಲೆ ಅವರು ಹೋದ್ರು. ನೀನೂ ಕೇಳಲಿಲ್ಲ.” ಎಲೆ ಮಡಿಸುತ್ತ ಅವರು ಹೇಳಿದರು, “ಚಕ್ರ ಬಂದು ಹೆಂಡತಿಗೋಸ್ಕರ ಕೇಳಿದ ಕಣೆ. ಬದರಿ ಯಾವತ್ತೂ ಕೇಳಲಿಲ್ಲ.”

ಪಂಕಜಾ ಎದ್ದು ಬಂದಳು. ಇಷ್ಟು ದಿನ ಅವಳು ವಿಮಲಾಳ ಸೈಕಲ್ಲನ್ನು ಕಂಡು ಕರುಬಿದ್ದಳು, ದಾರಿಯನ್ನು ಕಂಡು, ಹಡಗನ್ನು ಕಂಡು ಕರುಬಿದ್ದಳು. ಈಗ ನೋಡಿದರೆ ಕರುಬಬೇಕಾದ್ದು ಇನ್ನೊಂದೇ ಇತ್ತು. ಸೈಕಲ್ಲು ಬಾಡಿಗೆಗೆ ಸಿಗುತ್ತದೆ. ತನಗಾಗಿ ಬಾಯಿಬಿಟ್ಟು ಕೇಳುವ ಗಂಡ ಯಾವ ಅಂಗಡಿಯಲ್ಲಿ ಸಿಗುತ್ತಾನೆ?

ಸಂಜೆ ಬದರಿನಾಥ ಆಫೀಸಿನಿಂದ ಬಂದು ಕೋಟು ಬಿಚ್ಚಿ ಕುಳಿತಾಗ ಅವಳು ಕಾಫಿ ಕೊಟ್ಟು ಅಲ್ಲೇ ನಿಂತಳು.

“ನೀವು ಅಮ್ಮನ್ನ ಒಂದು ಮಾತು ಕೇಳಬೇಕು. ಅವರು ಹೊರಡೋ ದಿನ ಪಂಕಜಾನೂ ಸೈಕಲ್ಲಲ್ಲಿ ಅತ್ತಿಬೆಲೆ ತನಕ ಹೋಗಿ ಬರಲಾ ಅಂತ.”

ಅತ್ತಿಬೆಲೆಯಾಚೆ ಮೈಸೂರು ರಾಜ್ಯ ಮುಗಿದು ಮದರಾಸು ಸೀಮೆ ಶುರುವಾಗುತ್ತಿತ್ತು. ಅದಕ್ಕಿಂತ ಮುಂದಿನದನ್ನು ಕೇಳುವ ಧೈರ್ಯ ಅವಳಿಗೂ ಇರಲಿಲ್ಲ. ಬದರಿನಾಥ ಅವಳನ್ನು ನೋಡಿದ. ನೀನೇ ಕೇಳು, ಅಮ್ಮ ಈಗ ಬೇಡ ಅನ್ನಲ್ಲ ಎಂದ.

“ಅದು ನಂಗೂ ಗೊತ್ತು. ನೀವು ಕೇಳಬೇಕು.”

ಅವನು ಲೋಟವನ್ನು ಕೆಳಗಿಟ್ಟ. ಕಿಟಕಿಯ ಕಡೆ ನೋಡುತ್ತ ಹೇಳಿದ: “ನಂಗೆ ಸೈಕಲ್ ಬರಲ್ಲ ಪಂಕಜಾ.”

ಅವನು ಬಸ್ಸಿಗೆ ನಡೆದು ಹೋಗುವುದನ್ನು ಅವಳು ದಿನಾ ನೋಡಿದ್ದಳು. ಅದು ಅವನ ಗತ್ತು ಎಂದುಕೊಂಡಿದ್ದಳು. ಸೈಕಲ್ಲು ಗುಮಾಸ್ತರಿಗೆ ಎಂದು ಅವನೇ ಹೇಳುತ್ತಿದ್ದ.

“ಹುಡುಗನಾಗಿದ್ದಾಗ ಬಿದ್ದು ಹೆದರಿದೆ, ಮತ್ತೆ ಹತ್ತಲಿಲ್ಲ. ಚಕ್ರ ಚಿಕ್ಕೋನಾದ್ರೂ ಕಲಿತ. ನಿನ್ನ ನೋಡೋಕೆ ಬಂದ ದಿನ ನಿಮ್ಮಪ್ಪ ಶ್ರೀರಂಗಪಟ್ಟಣದ ಕತೆ ಹೇಳಿದ್ರಲ್ಲ, ನಂಗೆ ಕೂತ ಕಡೆ ಬೆವರು ಬಂತು. ಅಮ್ಮ ಬೇಡ ಅಂದಾಗ ಸಮಾಧಾನ ಆಯ್ತು.”

ಹೊಟ್ಟೆಕಿಚ್ಚು ಈ ಮನೆಯಲ್ಲಿ ತನ್ನೊಬ್ಬಳದೇ ಎಂದುಕೊಂಡಿದ್ದ ಪಂಕಜಾ ಗಂಡನ ಬಗ್ಗಿದ ತಲೆಯನ್ನು ನೋಡಿದಳು. ಕನಿಕರ ಬರಬೇಕಿತ್ತೇನೋ. ಬರಲಿಲ್ಲ. “ಹೋಗಲಿ. ಈಗ ಕೇಳಿ,” ಎಂದಳು.

ಬದರಿನಾಥ ಎದ್ದು ದೇವರ ಮನೆಯ ಬಾಗಿಲಿಗೆ ಹೋದ. ಮಾರ್ಕು ತೋರಿಸಲು ಬಂದ ಹುಡುಗನ ಹಾಗೆ ಬಾಗಿಲ ಚೌಕಟ್ಟು ಹಿಡಿದು ನಿಂತು, ಹೆಂಡತಿ ಹೇಳಿಕೊಟ್ಟ ಮಾತನ್ನು ಒಂದಕ್ಷರ ಬಿಡದೆ ತಾಯಿಗೆ ಒಪ್ಪಿಸಿದ. ಅತ್ತೆ ಮಗನನ್ನು ನೋಡಿದರು, ಅವನ ಹಿಂದೆ ನಿಂತ ಸೊಸೆಯನ್ನು ನೋಡಿದರು. ಹೋಗಿ ಬರಲಿ ಎಂದರು.

ಬೇಸಿಗೆ ರಜ ಶುರುವಾದ ಮಾರನೆಯ ದಿನ, ಹೊತ್ತು ಮೂಡುವ ಮೊದಲೇ ಮನೆಯ ಮುಂದೆ ಜನ ಸೇರಿದರು. ಅತ್ತೆ ಸೈಕಲ್ಲುಗಳಿಗೆ ಅರಿಶಿನ ಕುಂಕುಮವಿಟ್ಟು, ಗಂಗೆಯ ತಂಬಿಗೆಯನ್ನು ಚಕ್ರಪಾಣಿಯ ಚೀಲದಲ್ಲಿ ತಾವೇ ಭದ್ರವಾಗಿ ಇಟ್ಟರು. ಬಾಡಿಗೆ ಸೈಕಲ್ ಹಿಡಿದು ಬಂದ ಪಂಕಜಾಳನ್ನು ಕಂಡು ಗುಂಪಿನಲ್ಲಿ ಗುಸುಗುಸು ಎದ್ದಿತು. ವಿಮಲಾ ಇನ್ನು ತಡೆಯಲಾರದೆ, ನಂಗೆ ಕಲಿಸಿದ್ದು ನಮ್ಮಕ್ಕ, ಇವರಲ್ಲ ಎಂದು ಎಲ್ಲರಿಗೂ ಕೇಳುವಂತೆ ಹೇಳಿದಳು. ಚಕ್ರಪಾಣಿ ಕಣ್ಣರಳಿಸಿದ, ನೀಲಗಂಗಮ್ಮ ಮೂಗಿನ ಮೇಲೆ ಬೆರಳಿಟ್ಟರು. ಪಂಕಜಾ ಬಯಸಿದ್ದು ಇದನ್ನೇ. ಆದರೆ ಸಿಕ್ಕಾಗ ಅದು ಹೊರಡುವವರು ಉಳಿಯುವವರಿಗೆ ಕೊಟ್ಟ ದಾನದ ಹಾಗೆ ಕಂಡಿತು. ಅವಳು ಸೈಕಲ್ ಹತ್ತಿದಳು.

ಮಡಿವಾಳದ ಕೆರೆ ದಾಟಿ, ಬೊಮ್ಮನಹಳ್ಳಿಯ ರಾಗಿಹೊಲಗಳ ನಡುವೆ ಹೊಸೂರು ರಸ್ತೆಯಲ್ಲಿ ನಾಲ್ಕು ಸೈಕಲ್ಲುಗಳು ಸಾಗಿದವು. ಹುಣಸೆಮರಗಳ ನೆರಳಿನಲ್ಲಿ ಪಂಕಜಾ ಎಲ್ಲರಿಗಿಂತ ಮುಂದೆ ಹೋಗಿಬಿಡುತ್ತಿದ್ದಳು, ಆಮೇಲೆ ನಿಂತು ಕಾಯುತ್ತಿದ್ದಳು. ಚಕ್ರಪಾಣಿ ಏದುಸಿರು ಬಿಡುತ್ತ, ಅತ್ತಿಗೆ, ನೀವು ಬಂದಿದ್ರೆ ನಮಗೆ ದಾರಿ ಸಲೀಸಾಗ್ತಿತ್ತು ಎಂದ. ಒಳ್ಳೆಯ ಮನಸ್ಸಿನಿಂದಲೇ ಆಡಿದ ಮಾತು. ಅವಳಿಗೆ ಅವನನ್ನು ರಸ್ತೆಯ ಚರಂಡಿಗೆ ತಳ್ಳಬೇಕೆನಿಸಿತು.

ಅತ್ತಿಬೆಲೆಯಲ್ಲಿ ಬಾವಿಯೊಂದರ ಪಕ್ಕ ಕುಳಿತು ಮೊಸರನ್ನ ತಿಂದರು. ಏಳುವಾಗ ವಿಮಲಾ ತಬ್ಬಿಕೊಂಡು ಅತ್ತಳು. ಪಂಕಜಾ ಅವಳ ಕಚ್ಚೆಯನ್ನು ಬಿಗಿಮಾಡಿ, “ಇಳಿಜಾರಲ್ಲಿ ಮುಂದಿನ ಬ್ರೇಕು ಒಂದೇ ಹಿಡೀಬೇಡ,” ಎಂದಳು. ಮೂರು ಸೈಕಲ್ಲುಗಳು ಹೊಸೂರಿನ ಕಡೆ ಹೋದವು. ಮೊದಮೊದಲು ಹಿಂದಿರುಗಿ ನೋಡುತ್ತಿದ್ದ ವಿಮಲಾ ಸ್ವಲ್ಪ ದೂರದ ಮೇಲೆ ನೋಡಲಿಲ್ಲ. ಕಣ್ಣು ದೂರ ಇಡು ಎಂದು ಕಲಿಸಿದವಳು ತಾನೇ. ಅವರು ಕಾಣದಾದ ಮೇಲೂ ಪಂಕಜಾ ರಸ್ತೆಯ ನಡುವೆ ಒಂದು ಕಾಲು ನೆಲಕ್ಕೂರಿ ನಿಂತಿದ್ದಳು. ಮುಂದಿನ ಚಕ್ರ ಹೊಸೂರಿನ ಕಡೆಗೇ ಇತ್ತು. ಎತ್ತಿನಗಾಡಿಯವನೊಬ್ಬ ಹಿಂದಿನಿಂದ ಕೂಗಿದಾಗ ತಿರುಗಿಸಿಕೊಂಡಳು.

ಮನೆ ಮುಟ್ಟಿದಾಗ ಬದರಿನಾಥ ರಜ ಹಾಕಿ ಗೇಟಿನಲ್ಲಿ ನಿಂತಿದ್ದ. ಸೈಕಲ್ಲನ್ನು ತಾನೇ ತೆಗೆದುಕೊಂಡು, ಹಿಡಿಯಲು ಬಾರದೆ ವಾಲಿಸಿಕೊಂಡು, ಗೋಡೆಗೆ ಒರಗಿಸಿದ. ಕಾಲು ನೋಯ್ತಿದೆಯಾ ಎಂದು ಕೇಳಿದ.

“ಸೇಲಂ ತನಕ ಹೋಗಬಹುದಿತ್ತು,” ಎಂದಳು ಅವಳು.

“ಗೊತ್ತು,” ಎಂದ ಬದರಿನಾಥ.

ಅವರು ಸಿಲೋನ್ ನೋಡಿಕೊಂಡು ಶಾಲೆ ತೆರೆಯುವ ಹೊತ್ತಿಗೆ ಕರ್ರಗೆ ಸುಟ್ಟು ವಾಪಸು ಬಂದರು. ಬಂದವರ ಬಾಯಿಂದ ಪಂಕಜಾ ಪ್ರತಿಯೊಂದು ಊರಿನ ಕತೆಯನ್ನೂ ಕೇಳಿದಳು, ಹಡಗಿನದನ್ನು ಎರಡು ಸಲ ಕೇಳಿದಳು. ಪ್ರತಿ ಸಲವೂ ಹೊಟ್ಟೆ ಉರಿಯಿತು. ವಿಮಲಾ ಮಾತ್ರ ಆಮೇಲೆ ಸೈಕಲ್ಲನ್ನು ಮುಟ್ಟಲೇ ಇಲ್ಲ. ಇನ್ನೊಂದು ಜನ್ಮಕ್ಕೂ ಸಾಕು ಎಂದು ಕೈಮುಗಿದಳು. ಅವಳ ಸೈಕಲ್ಲು ಮೆಟ್ಟಿಲ ಕೆಳಗೆ ಧೂಳು ತಿನ್ನುತ್ತಿದ್ದುದನ್ನು ನೋಡಿ, ನೀವೇ ಇಟ್ಟುಕೊಳ್ಳಿ ಅಕ್ಕ ಎಂದು ಎಷ್ಟೋ ಸಲ ಹೇಳಿದಳು. ಪಂಕಜಾ ಬೇಡ ಎಂದಳು. ಆ ವರ್ಷದ ದೀಪಾವಳಿಗೆ ಸೀರೆ ಬೇಡವೆಂದು ಗಂಡನಿಂದ ಹೊಸ ಸೈಕಲ್ ಕೊಡಿಸಿಕೊಂಡು, ಗಾಂಧಿ ಬಜಾರಿನಿಂದ ಮನೆಯವರೆಗೆ ತಾನೇ ತುಳಿದುಕೊಂಡು ಬಂದಳು.